ಸಂವಿಧಾನವನ್ನು ಕೈಯಲ್ಲಿ ಹೇಳಲು ಹೋಗಿ

ಪೀಠಿಕೆಯ ಮೊದಲ ಸಾಲು ಮುಗಿಯುವಷ್ಟರಲ್ಲೇ, ನನ್ನ ಕೈಗಳು ಆಕೆಗೆ ಅರ್ಥವಾಗುತ್ತಿಲ್ಲ ಎಂದು ನನಗೆ ಗೊತ್ತಾಯಿತು.

ಕೊಳ್ಳೇಗಾಲದ ಒಂದು ಸಭಾಂಗಣದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ನಡೆಯುತ್ತಿತ್ತು. ಅವತ್ತಿನ ವಿಷಯ ಸಂವಿಧಾನ, ಅದರ ರಚನೆ, ಅದರ ಮೂಲ ತತ್ವಗಳು. ತರಬೇತುದಾರರು ಮೈಕ್ ಹಿಡಿದು ಮಾತಾಡುತ್ತಿದ್ದರು. ಅವರ ಪಕ್ಕ ನಿಂತು ನಾನು ಆ ಮಾತನ್ನು ಸಂಜ್ಞೆ ಭಾಷೆಗೆ ತರುತ್ತಿದ್ದೆ. ಇದೆಲ್ಲ ಮೊದಲ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸಿಗಾಗಿ. ಹನೂರು ಕಡೆಯ ಒಂದು ಹಳ್ಳಿಯ ಸದಸ್ಯೆ. ಹುಟ್ಟು ಕಿವುಡಿ.

'ನಾವು' ಎನ್ನಲು ತೋರುಬೆರಳನ್ನು ಎದೆಯಿಂದ ಹೊರಡಿಸಿ, ಎದುರಿದ್ದವರನ್ನೆಲ್ಲ ಒಳಗೊಳ್ಳುವಂತೆ ಒಂದು ಸುತ್ತು ತಿರುಗಿಸಿ ಮತ್ತೆ ಎದೆಗೆ ತರಬೇಕು. ನಾನು ಹಾಗೆ ಮಾಡಿದಾಗ ಆಕೆ ನನ್ನ ಬೆರಳು ಹೋದ ದಿಕ್ಕಿಗೆಲ್ಲ ಕತ್ತು ತಿರುಗಿಸಿ, ಯಾರನ್ನು ತೋರಿಸುತ್ತಿದ್ದೇನೆ ಎಂದು ಹುಡುಕಿದಳು. ಹಿಂದಿನ ಸಾಲಿನಲ್ಲಿ, ಆಕೆಯನ್ನು ಕರೆತಂದಿದ್ದ ಮೈದುನನ ಮುಖ ಸಿಕ್ಕಿತು. ಆತ ತಲೆಯಾಡಿಸಿದ. ಆಕೆ ನನ್ನ ಕಡೆ ತಿರುಗಿ ತಾನೂ ತಲೆಯಾಡಿಸಿದಳು. ಆಮೇಲೆ ಸಾರ್ವಭೌಮ ಎಂದಾಗಲೂ ತಲೆಯಾಡಿಸಿದಳು, ಜಾತ್ಯತೀತ ಎಂದಾಗಲೂ, ಗಣರಾಜ್ಯ ಎಂದಾಗಲೂ.

ಆ ತಲೆಯಾಟ ನನಗೆ ಹೊಸದಲ್ಲ. ಕೇಳುವವರ ನಡುವೆ ಬಾಳುವ ಕಿವುಡರು ಅದನ್ನು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಗೊತ್ತಾಗಲಿಲ್ಲ ಎಂದರೆ ಎದುರಿನವರ ಮುಖ ಗಂಟಾಗುತ್ತದೆ, ಗೊತ್ತಾಯಿತು ಎಂದರೆ ಬಿಟ್ಟುಬಿಡುತ್ತಾರೆ. ನನ್ನ ಅಕ್ಕ ನೆಂಟರ ಮನೆಗಳಲ್ಲಿ ದಿನವಿಡೀ ಹೀಗೆ ತಲೆಯಾಡಿಸುತ್ತಿದ್ದಳು. ಮನೆಗೆ ಬಂದ ಮೇಲೆ 'ಅವರೆಲ್ಲ ಏನು ನಗುತ್ತಿದ್ದರು?' ಎಂದು ನನ್ನನ್ನು ಕೇಳುತ್ತಿದ್ದಳು.

ಊಟಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿದೆ. ತರಬೇತುದಾರರು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ವಿವರಿಸುತ್ತಿದ್ದಾಗ, ನಾನು ಅದನ್ನು ಬಿಟ್ಟು, 'ಎಮ್ಮೆ ಆಕಾಶದಲ್ಲಿ ಹಾರುತ್ತಿದೆ' ಎಂದು ಕೈಯಲ್ಲಿ ಹೇಳಿದೆ. ಆಕೆ ಗಂಭೀರವಾಗಿ ತಲೆಯಾಡಿಸಿದಳು.

ನಾನು ಕೊಳ್ಳೇಗಾಲದಲ್ಲಿ ಕಿವುಡು ಮಕ್ಕಳ ಶಾಲೆಯೊಂದರ ಶಿಕ್ಷಕಿ. ಊರು ಯಳಂದೂರು ತಾಲ್ಲೂಕಿನ ಹೊನ್ನೂರು. ಸಂಜ್ಞೆ ನನಗೆ ಬಂದದ್ದು ಅಕ್ಕನಿಂದ. ಆಕೆ ಮೈಸೂರಿನ ಶಾಲೆಯಿಂದ ರಜೆಗೆ ಬಂದಾಗಲೆಲ್ಲ ಹೊಸ ಹೊಸ ಸಂಜ್ಞೆ ತಂದು ನನಗೆ ಕಲಿಸುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ನನ್ನ ಬಾಡಿಗೆ ರೂಮಿನಲ್ಲಿ ಕೈಗಳಿಗೆ ಅಡುಗೆ, ಪಾತ್ರೆ ಬಿಟ್ಟರೆ ಬೇರೆ ಕೆಲಸವಿಲ್ಲ. ಶಾಲೆಯಲ್ಲಿ ಮಕ್ಕಳೊಂದಿಗೆ ಸಂಜ್ಞೆ ಮಾಡುತ್ತೇನೆ, ನಿಜ. ಆದರೆ ಅದು ಪುಸ್ತಕ ತೆಗಿ, ಸಾಲಲ್ಲಿ ನಿಲ್ಲು ಎನ್ನುವ ಮೇಷ್ಟ್ರ ಮಾತು. ಇವತ್ತು ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಹೇಳಿಕೊಳ್ಳುವ ಮಾತಲ್ಲ.

ಊಟದ ಹೊತ್ತಿನಲ್ಲಿ ಮೈದುನ ತಾನಾಗಿಯೇ ಮಾತಾಡಿಸಿದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ಒಂದು ಅವಧಿಗೆ ತಾನೇ ಸದಸ್ಯನಾಗಿದ್ದನಂತೆ.

"ಅವ್ಳ್ಗ ಇಸ್ಕೂಲು ಗಿಸ್ಕೂಲು ಏನೂ ಇಲ್ಲ ಮೇಡಂ. ನಮ್ಮಣ್ಣ ತೀರ್ಕಂಡ್ಮೇಲ ನಮ್ಮನೇಲೇ ಅವ್ಳೆ. ಈ ಸಲ ಸೀಟು ಎಂಗಸ್ರ್ಗ ಬಂತು. ನಮ್ಮನೆವ್ರು ಅಂಗನವಾಡೀಲಿ ಕೆಲ್ಸಕ್ಕವ್ರೆ, ನಿಂತ್ಕಳಂಗಿಲ್ಲ. ಅದ್ಕೇ ಅತ್ಗೇನ ನಿಲ್ಸುದ್ವಿ. ಯಾರೂ ಎದುರ್ಗ ನಿಲ್ನಿಲ್ಲ, ಅವಿರೋಧ."

"ಅವರಿಗೆ ಏನೂ ಅರ್ಥವಾಗ್ತಿಲ್ಲ," ಎಂದೆ.

"ನೀವ್ಯಾಕ ಸುಮ್ನ ಕೈ ನೋಯಿಸ್ಕತೀರಿ? ಏನಾರ ಇದ್ರ ನಂಗ ಯೋಳಿ. ಮನ್ಗೋಗಿ ನಾನು ಯೋಳ್ಕತೀನಿ."

ಆತ ಒರಟನಲ್ಲ. ತನ್ನ ಎಲೆಯಲ್ಲಿದ್ದ ಸಿಹಿಯನ್ನು ಎತ್ತಿ ಅತ್ತಿಗೆಯ ಎಲೆಗೆ ಹಾಕಿದ. ಬೆರಳು ಮಡಿಸಿ ಬಾಯಿಗೆ ತಾಗಿಸಿ 'ತಿನ್ನು' ಎಂದ. ಆಕೆ ನಕ್ಕು ತಿಂದಳು. ಆ ಮನೆಯಲ್ಲಿ ಆಕೆಯೊಂದಿಗೆ ಕೈಯಲ್ಲಿ ಮಾತಾಡುವವನು ಆತನೊಬ್ಬನೇ ಎಂದು ಆಮೇಲೆ ತಿಳಿಯಿತು.

ಸಂಜೆ ತರಬೇತುದಾರರ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಬೇಸರದಿಂದಲೇ, "ಏನು ಮಾಡೋದು ಮೇಡಂ? ಇನ್ನೂ ಎಷ್ಟೋ ಪಂಚಾಯಿತಿಗಳ ಬ್ಯಾಚು ಇದೆ. ನಿಮ್ಮ ಕೆಲಸ ನೀವು ಮಾಡಿದ್ದೀರಿ," ಎಂದರು.

ನಾನು ನನ್ನ ಕೆಲಸ ಮಾಡಿರಲಿಲ್ಲ. ಆಕೆಗೆ ಬಾರದ ಭಾಷೆಯೊಂದನ್ನು ಇಡೀ ದಿನ ಆಕೆಯ ಮುಖಕ್ಕೆ ಬೀಸಿದ್ದೆ, ಅಷ್ಟೆ. ದುಭಾಷಿ ಕರೆದ ಕಡೆ ಹೋಗಬೇಕು, ಹೇಳಿದ್ದನ್ನು ಹೇಳಬೇಕು, ಬರಬೇಕು, ಅದು ನಮ್ಮ ಕಟ್ಟುಪಾಡು. ಆದರೆ ಎರಡು ಭಾಷೆ ಬಲ್ಲವಳಷ್ಟೇ ದುಭಾಷಿ. ನನಗೆ ಆಕೆಯ ಭಾಷೆ ಗೊತ್ತಿರಲಿಲ್ಲ. ಹಾಲ್‌ನಿಂದ ಹೊರಡುವ ಮುಂಚೆ ಮೈದುನನನ್ನು ಕೇಳಿದೆ, ಭಾನುವಾರ ನಿಮ್ಮೂರಿಗೆ ಬರಲೇ ಎಂದು.

"ಬನ್ನಿ ಮೇಡಂ. ಯಾರ್ ಬ್ಯಾಡ ಅಂದರು?"

ಹಾಗೆ ಶುರುವಾಯಿತು. ಭಾನುವಾರ ಬೆಳಿಗ್ಗೆ ಬಸ್ ಹತ್ತಿ, ಕಾಮಗೆರೆ ದಾಟಿ ಹನೂರಿನಲ್ಲಿ ಇಳಿದು, ಶೇರ್ ಆಟೊದಲ್ಲಿ ಹಳ್ಳಿಗೆ. ಆಕೆ ಮನೆಯಲ್ಲಿ ಸಿಗುತ್ತಿರಲಿಲ್ಲ. ಮುಸುಕಿನ ಜೋಳದ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರ ಗುಂಪಿನಲ್ಲಿ ಇರುತ್ತಿದ್ದಳು. ಆ ಗುಂಪಿನಲ್ಲಿ ಊರೊಳಗಿನವರು ಇಬ್ಬರು ಮೂವರು, ಉಳಿದವರು ಊರಾಚೆಯ ಪರಿಶಿಷ್ಟರ ಕಾಲೋನಿಯವರು.

ಮೊದಲ ಭಾನುವಾರವೇ ನಾನು ಬೆಪ್ಪಾದೆ. ಸಭಾಂಗಣದಲ್ಲಿ ಗೊಂಬೆಯಂತೆ ಕೂತಿದ್ದವಳು ಇಲ್ಲಿ ಕೈತುಂಬ ಮಾತಾಡುತ್ತಿದ್ದಳು. ಕುಡುಗೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಯಾರದೋ ನಡಿಗೆಯನ್ನು ಅಣಕಿಸುತ್ತಿದ್ದಳು. ಇಡೀ ಸಾಲು ನಗುತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಆಕೆಯೊಂದಿಗೆ ಹರಟುತ್ತಿದ್ದವಳು ಕಾಲೋನಿಯ ಒಬ್ಬ ಹಿರಿಯ ಹೆಂಗಸು. ತವರು ತಮಿಳುನಾಡಿನ ಗಡಿಯಾಚೆ, ಮಾತಿನ ನಡುವೆ ಹೌದು ಎನ್ನಲು 'ಆಮಾ' ಬರುತ್ತಿತ್ತು.

"ಇವ್ಳ್ಗ ಮಾತು ಬರಲ್ಲ ಅಂತ ಯಾರಂದರು ನಿಮ್ಗ?" ಎಂದಳು ಆ ಹಿರಿಯಾಕೆ. "ಆಮಾ, ಸದ್ದು ಬರಲ್ಲ, ಅಷ್ಟೇಯ."

ನಾನು ಅವರೊಂದಿಗೆ ಸಾಲು ಹಿಡಿದು ಕಳೆ ಕೀಳುತ್ತ ಆಕೆಯ ಸಂಜ್ಞೆಗಳನ್ನು ಕಲಿತೆ. ಅಂಗಿಯ ಕಾಲರ್ ಎಳೆದುಕೊಂಡರೆ ಮೈದುನ. ಮುಷ್ಟಿಯಿಂದ ಅಂಗೈಗೆ ಮುದ್ರೆ ಒತ್ತಿದರೆ ಸರ್ಕಾರ. ಕನ್ನಡಕ ಏರಿಸಿ ಮೂಗು ಹಿಂಡಿದರೆ ಪಂಚಾಯಿತಿಯ ಅಧಿಕಾರಿ ಪಿಡಿಒ, ಅವರಿಗೆ ಸದಾ ನೆಗಡಿಯಂತೆ. ಆಕೆ ಒಪ್ಪಿದ ಮೇಲೆ ಮೊಬೈಲ್‌ನಲ್ಲಿ ವಿಡಿಯೊ ಹಿಡಿದೆ. ಸಂಜೆ ಕೊಳ್ಳೇಗಾಲದ ರೂಮಿಗೆ ಬಂದು ಅದನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡುತ್ತಿದ್ದೆ, ಕನ್ನಡಿ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದೆ. ಎಷ್ಟೋ ಕಾಲದ ಮೇಲೆ ಆ ರೂಮಿನಲ್ಲಿ ಇನ್ನೊಬ್ಬರ ಕೈ ಆಡುತ್ತಿತ್ತು, ಅಂಗೈಯಗಲದ ಪರದೆಯಲ್ಲಿಯಾದರೂ. ವಿಡಿಯೊ ಮುಗಿದಾಗ ಪರದೆ ಕಪ್ಪಾಗುತ್ತಿತ್ತು. ಆಗ ನಾನು ಬೇಗ ಬೇಗ ಮತ್ತೆ ಶುರು ಮಾಡುತ್ತಿದ್ದೆ.

ಸಂವಿಧಾನವನ್ನು ಮೊದಲಿಂದ ಹೇಳಬೇಕಿತ್ತು. ಆದರೆ 'ಸಮಾನತೆ'ಗೆ ಆಕೆಯಲ್ಲಿ ಏನಿದೆ? ಎರಡು ಅಂಗೈ ಸಮಕ್ಕೆ ಹಿಡಿದು ತೋರಿಸಿದೆ. ತಕ್ಕಡಿ ಅಂದುಕೊಂಡಳು. ಇಬ್ಬರು ಮನುಷ್ಯರನ್ನು ಮಣ್ಣಿನಲ್ಲಿ ಗೀಚಿ ಒಂದೇ ಎತ್ತರ ಎಂದೆ. ಅವಳಿಜವಳಿ ಅಂದುಕೊಂಡಳು. ಎರಡು ಭಾನುವಾರ ಇದರಲ್ಲೇ ಹೋದವು. ದಾರಿ ಸಿಕ್ಕಿದ್ದು ಊರಿನ ನಲ್ಲಿಯ ಹತ್ತಿರ. ಅಲ್ಲಿ ಬಿಂದಿಗೆಗಳು ಸಾಲಾಗಿ ಕೂತಿದ್ದವು. ಸಾಲಿನ ಹೊರಗೆ ಒಂದಿಷ್ಟು ದೂರದಲ್ಲಿ ಇನ್ನೊಂದು ಗುಂಪು ಬಿಂದಿಗೆ, ಕಾಲೋನಿಯವು. ಊರೊಳಗಿನವರದೆಲ್ಲ ತುಂಬಿದ ಮೇಲೆ ಅವುಗಳ ಸರದಿ. ಹೊಲದಲ್ಲಿ ಒಂದೇ ಸಾಲು ಹಿಡಿದವರಿಗೆ ಇಲ್ಲಿ ಎರಡು ಸಾಲು.

ನಾನು ನೆಲದಲ್ಲಿ ಕಲ್ಲುಗಳನ್ನು ಬಿಂದಿಗೆಗಳಂತೆ ಜೋಡಿಸಿದೆ. ಎರಡು ಗುಂಪಿನ ಕಲ್ಲುಗಳನ್ನು ಬಂದ ಸರದಿಯಂತೆ ಒಂದೇ ಸಾಲಿಗೆ ಬೆರೆಸಿದೆ. ಮೈದುನನ ಕಾಲರ್ ಸಂಜ್ಞೆ ಮಾಡಿ ಆತನ ಕಲ್ಲನ್ನೂ ಕೊನೆಗೆ ಇಟ್ಟೆ, ಆತ ಕೊನೆಗೆ ಬಂದಿದ್ದಾನೆ ಎಂಬಂತೆ. ಆಮೇಲೆ ಮುಷ್ಟಿಯಿಂದ ಅಂಗೈಗೆ ಮುದ್ರೆ ಒತ್ತಿ, 'ಹೀಗೆ ಇರಬೇಕೆಂದು ಬರೆದಿದೆ' ಎಂದೆ.

ಆಕೆ ಆ ಸಾಲನ್ನು ತುಂಬ ಹೊತ್ತು ನೋಡಿದಳು. ತಲೆಯಾಡಿಸಲಿಲ್ಲ. 'ಎಲ್ಲಿ ಬರೆದಿದೆ? ನಮ್ಮೂರಲ್ಲಿ ಇಲ್ಲವಲ್ಲ?' ಎಂದು ಕೇಳಿದಳು. ಕೊನೆಗೂ ಒಂದು ಪ್ರಶ್ನೆ.

ಅಲ್ಲಿಂದ ಪಾಠ ಓಡಿತು. ಮೂಲಭೂತ ಹಕ್ಕಿಗೆ, ಸೊಂಟದಲ್ಲಿ ಸಿಕ್ಕಿಸಿಕೊಂಡ ಎಲೆಅಡಿಕೆ ಚೀಲವನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುವುದು, ಯಾರೂ ಬಿಚ್ಚುವಂತಿಲ್ಲ. ನಿರ್ದೇಶಕ ತತ್ವಗಳಿಗೆ ನಾನು ತಡಕಾಡುತ್ತಿದ್ದಾಗ ಹಿರಿಯಾಕೆ ಕೇಳಿದಳು, "ಅಂದ್ರ, ಸರ್ಕಾರ ಮಾಡ್ಬೇಕು, ಮಾಡ್ನಿಲ್ಲ ಅಂತ ಕೋರ್ಟ್ಗ ಎಳ್ಯಕ್ಕಾಗಲ್ಲ, ಅಂಗಾ?" ಅಂಗೇ ಎಂದೆ. ಆಕೆ ಅದನ್ನು ನನಗಿಂತ ಚೆನ್ನಾಗಿ ಅಭಿನಯಿಸಿ ದಾಟಿಸಿದಳು. ತಿದ್ದುಪಡಿಗೆ ಮನೆಯ ಸೂರು ತೋರಿಸಿದೆ. ಹೆಂಚು ಬದಲಿಸಬಹುದು, ಆದರೆ ನಡುಗಂಬ ಕಿತ್ತರೆ ಸೂರು ಬೀಳುತ್ತದೆ, ಸಂವಿಧಾನದ ಮೂಲ ರಚನೆಯೂ ಹಾಗೆ. ಸದಸ್ಯೆ ಒಪ್ಪಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಂಬ ಊರಿ ಆಮೇಲೆ ಹಳೆಯದನ್ನು ಕೀಳಬಹುದು, ನಮ್ಮನೆಯಲ್ಲಿ ಹಾಗೇ ಮಾಡಿದ್ದು ಎಂದಳು. ನಕ್ಕು ಮುಂದಿನದಕ್ಕೆ ಹೋದೆ.

ಮುಂದಿನದು ಪಂಚಾಯಿತಿ. ದೆಹಲಿ, ಬೆಂಗಳೂರು, ಅದರ ಕೆಳಗೆ ಊರು, ಮೂರು ಮೆಟ್ಟಿಲು. ಊರಿನ ಮೆಟ್ಟಿಲೂ ಸಂವಿಧಾನದಲ್ಲೇ ಇದೆ, ಯಾರೋ ದಯೆಯಿಂದ ಕೊಟ್ಟದ್ದಲ್ಲ ಎಂದು ಹೇಳಿ, ಆ ಮೆಟ್ಟಿಲ ಮೇಲೆ ಒಂದು ಕುರ್ಚಿ ಗೀಚಿ, 'ಇದು ನೀನು' ಎಂದು ಆಕೆಯನ್ನು ತೋರಿಸಿದೆ.

ಆಕೆಗೆ ತಿಳಿಯಲಿಲ್ಲ. ಮತ್ತೆ ತೋರಿಸಿದೆ. ಆಕೆ ಹುಬ್ಬು ಗಂಟಿಕ್ಕಿ, ಪಂಚಾಯಿತಿ ಕಚೇರಿಗೆ ತಾನು ಹೋಗುವುದು ಪಿಂಚಣಿಗೆ ಎಂದಳು. ಗಂಡ ಸತ್ತ ಹೆಂಗಸರಿಗೆ ಹೆಬ್ಬೆಟ್ಟು ಒತ್ತಿಸುತ್ತಾರಲ್ಲ, ಅದಕ್ಕೆ.

ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಆಕೆ ಸದಸ್ಯೆಯಾಗಿ ಆಗಲೇ ಎಷ್ಟೋ ತಿಂಗಳಾಗಿತ್ತು. ಸಭೆಗಳಲ್ಲಿ ಕೂತು ಎದ್ದು ಬಂದಿದ್ದಳು. ಅದು ಏನೆಂದು ಯಾರೂ ಆಕೆಗೆ ಹೇಳಿರಲಿಲ್ಲ.

ಹಿರಿಯಾಕೆ ಹೊಲದ ಬದುವಿನ ಮೇಲೆ ಕೂತು, ಆಕೆಯ ಎರಡೂ ಕೈ ಹಿಡಿದು ಬಿಟ್ಟು, ನಿಧಾನವಾಗಿ ತಿಳಿಸಿದಳು. ಬೆರಳಿಗೆ ಶಾಯಿ ಹಚ್ಚುತ್ತಾರಲ್ಲ, ಆ ಶಾಯಿ ಹಚ್ಚಿಸಿಕೊಂಡವರು ಒಬ್ಬರನ್ನು ಕುರ್ಚಿಗೆ ಕಳಿಸುತ್ತಾರೆ. ನಮ್ಮ ವಾರ್ಡಿನ ಕುರ್ಚಿ ನಿನ್ನದು.

ಸದಸ್ಯೆ ಆ ಹೆಂಗಸರ ಮುಖವನ್ನೆಲ್ಲ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, 'ಯಾರ ಬೆರಳು? ಯಾರ್ಯಾರು ಶಾಯಿ ಹಚ್ಚಿಸಿಕೊಂಡರು?'

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಯಾರೂ ಇಲ್ಲ ಎಂದೆ. ಎದುರಿಗೆ ಯಾರೂ ನಿಲ್ಲಲಿಲ್ಲ, ಅದಕ್ಕೇ ಶಾಯಿ ಬೇಕಾಗಲಿಲ್ಲ ಎಂದೆ. ಆಕೆಯ ಮುಖ ಬಾಡಿತು. ಕುಡುಗೋಲು ಎತ್ತಿಕೊಂಡು ಸಾಲಿನ ಆ ತುದಿಗೆ ಹೋಗಿ, ನಮಗೆ ಬೆನ್ನು ಹಾಕಿ ಕಳೆ ಕೀಳತೊಡಗಿದಳು. ಕಿವುಡರು ಬೆನ್ನು ಹಾಕಿದರೆ ಬಾಗಿಲು ಮುಚ್ಚಿದಂತೆಯೇ, ಕೂಗಿದರೂ ಪ್ರಯೋಜನವಿಲ್ಲ. ಅವತ್ತು ಹನೂರಿಗೆ ಆಟೊ ಹತ್ತುವವರೆಗೂ ಆಕೆ ತಿರುಗಿ ನೋಡಲಿಲ್ಲ. ಇನ್ನು ಬರುವುದು ಬೇಡವೇನೋ ಎಂದುಕೊಂಡೇ ಬಸ್ಸಿನಲ್ಲಿ ಕೂತಿದ್ದೆ.

ವಾರದ ನಡುವೆ ಹಿರಿಯಾಕೆಯ ಮೊಮ್ಮಗಳ ಫೋನಿನಿಂದ ವಿಡಿಯೊ ಕರೆ ಬಂತು. ಪರದೆಯಲ್ಲಿ ಸದಸ್ಯೆ. ಮುದ್ರೆ ಒತ್ತಿದಳು, ಕುರ್ಚಿ ತೋರಿಸಿದಳು, ಆಮೇಲೆ 'ನೀನು ಬಾ' ಎಂದಳು. ಪಂಚಾಯಿತಿ ಸಭೆ ಇತ್ತು.

ಸಭೆಯ ಮುಖ್ಯ ವಿಷಯ ಹೊಸ ನೀರಿನ ತೊಂಬೆ ಎಲ್ಲಿ ಕಟ್ಟಬೇಕು ಎಂಬುದು. ಊರೊಳಗಿನ ಬೀದಿ ತಲೆಯಲ್ಲೋ, ಕಾಲೋನಿಯಲ್ಲೋ. ನಾನು ಮುಂಚಿತವಾಗಿ ಹೋಗಿ ಪಿಡಿಒ ಮತ್ತು ಅಧ್ಯಕ್ಷರ ಒಪ್ಪಿಗೆ ಪಡೆದೆ. ಕೈ ಎದ್ದು ಕಾಣಲೆಂದು ಗಾಢ ಬಣ್ಣದ, ಚಿತ್ತಾರವಿಲ್ಲದ ಸೀರೆ ಉಟ್ಟಿದ್ದೆ. ಬೆನ್ನ ಹಿಂದೆ ಕಿಟಕಿ ಇದ್ದರೆ ಕೈ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಗೋಡೆಯ ಕಡೆ ಜಾಗ ಆರಿಸಿದೆ. ಉಳಿದದ್ದು ಒಂದೇ, ಆಕೆಯ ಕುರ್ಚಿಯ ಪಕ್ಕಕ್ಕೇ ಹಾಕಿದ್ದ ಮೈದುನನ ಕುರ್ಚಿ.

"ಇವರು ಹೊರಗಿರಬೇಕು," ಎಂದೆ ಪಿಡಿಒಗೆ. "ಅವರು ಸದಸ್ಯರಲ್ಲ."

ಮೈದುನ ಎದ್ದು ನಿಂತ. "ನೀವ್ ಯಾರು ಮೇಡಂ ಅದ ಯೋಳಾಕ? ಇಷ್ಟು ವರ್ಸದಿಂದ ಅವ್ಳ ಬಾಯಿ ನಾನೇ ಅಲ್ವಾ?"

ಅದು ನಿಜವಾಗಿತ್ತು. ಪಿಡಿಒ ಕನ್ನಡಕ ಏರಿಸಿ ಅತ್ತಿತ್ತ ನೋಡುತ್ತಿದ್ದರು. ಅಷ್ಟರಲ್ಲಿ ಸದಸ್ಯೆ ಮೈದುನನ ತೋಳು ಮುಟ್ಟಿ, ಬಾಗಿಲ ಕಡೆ ಕೈ ತೋರಿಸಿದಳು. ಮೆಲ್ಲಗೆ, ಬೇರೆ ಯಾವ ಸಂಜ್ಞೆಯೂ ಇಲ್ಲದೆ. ಆತ ನಂಬಲಾರದೆ ಒಂದು ಕ್ಷಣ ನಿಂತು, ಹೊರಗೆ ಹೋದ.

ಚರ್ಚೆ ನಡೆಯಿತು. ಮಾತಾಡುವವರಿಗಿಂತ ಒಂದು ವಾಕ್ಯ ಹಿಂದೆ ಉಳಿದು ನಾನು ಕೈ ಆಡಿಸುತ್ತ ಹೋದೆ. ಅವರು "ಕಾಲೋನಿಯಲ್ಲಿ ಜಾಗ ಇಕ್ಕಟ್ಟು" ಎಂದಾಗ ಅದು ನೆವವೆಂದು ಗೊತ್ತಿದ್ದರೂ, ಇಕ್ಕಟ್ಟು ಎಂದೇ ಹೇಳಬೇಕು. ಅಧ್ಯಕ್ಷರು ಸದಸ್ಯೆಯ ಅಭಿಪ್ರಾಯ ಕೇಳಿದರು. ಆಕೆ ಎದ್ದಳು. ನಾನು ದನಿ ಕೊಟ್ಟೆ.

"ನಾನು ಕಾಲೋನಿಯ ಹೆಂಗಸರ ಜೊತೆ ಕೆಲಸ ಮಾಡ್ತೀನಿ. ಒಂದೇ ಸಾಲಲ್ಲಿ. ನಲ್ಲಿ ಹತ್ತಿರ ನನ್ನ ಬಿಂದಿಗೆ ಮುಂದೆ, ಅವರದು ಆಚೆ. ಅವರು ಕಾಯ್ತಾರೆ, ನಾನು ತುಂಬಿಸಿಕೊಂಡು ಹೋಗ್ತೀನಿ. ನನಗೆ ಸರಿ ಕಾಣಲ್ಲ. ಬರೆದಿರೋದು ಹಾಗಲ್ಲ. ತೊಂಬೆ ಅಲ್ಲಿ ಕಟ್ಟಿ."

ನಾನು 'ನಾನು' ಎಂದಾಗ ಕೆಲವರು ನನ್ನತ್ತ ತಿರುಗಿದರು, ನಾನೇ ಮಾತಾಡುತ್ತಿದ್ದೇನೆಂದು. ಆಕೆಯನ್ನು ನೋಡಿ ಎಂದು ಕಣ್ಣಲ್ಲೇ ತೋರಿಸಿದೆ. ಇನ್ನೂ ಹೇಳಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಅಸ್ಪೃಶ್ಯತೆಯ ನಿಷೇಧದ ವಿಧಿ, ಬಾವಿ ಕೆರೆಗಳನ್ನು ಯಾರಿಗೂ ತಡೆಯುವಂತಿಲ್ಲ ಎನ್ನುವ ಸಾಲು, ಎಲ್ಲ ಬಾಯಿಪಾಠವಿತ್ತು. ಆಕೆ ಅದನ್ನು ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಕೈ ಎತ್ತಿಸಿದರು. ಕಾಲೋನಿಯ ಕಡೆಗೆ ಎದ್ದದ್ದು ಮೂರೇ ಕೈ. ತೊಂಬೆ ಊರೊಳಗೆ ಎಂದು ತೀರ್ಮಾನವಾಯಿತು. ತನ್ನ ವಿರೋಧವನ್ನು ಕಾರಣದ ಸಮೇತ ನಡಾವಳಿಯಲ್ಲಿ ಬರೆಯಿರಿ ಎಂದು ಆಕೆ ಕೇಳಿದಳು, ಪಿಡಿಒ ಮೂಗು ಒರೆಸಿಕೊಂಡು ಬರೆದರು. ಅಷ್ಟೇ ನಡೆದದ್ದು.

ಹೊರಗೆ ಮೈದುನನ ಬೈಕು ಇರಲಿಲ್ಲ. ಆಕೆ ನಡೆದೇ ಹೋದಳು. ಸ್ವಲ್ಪ ದೂರ ಜೊತೆಗೆ ಹೋದೆ, ಆಮೇಲೆ ಆಕೆ ಸಾಕು ಎಂದಳು.

ಆ ಮನೆಯಲ್ಲಿ ಆಕೆಗೆ ಊಟ ನಿಲ್ಲಲಿಲ್ಲ, ಜಗಳವೂ ಆಗಲಿಲ್ಲ. ಮೈದುನ ಕೈಯಲ್ಲಿ ಮಾತಾಡುವುದನ್ನು ನಿಲ್ಲಿಸಿಬಿಟ್ಟ. ತಟ್ಟೆ ಇಡುತ್ತಾನೆ, ಹೋಗುತ್ತಾನೆ ಎಂದು ಆಕೆ ಮುಂದಿನ ಭಾನುವಾರ ಹೇಳಿದಳು. ಮಾತಾಡುವವರಿಲ್ಲದ ಮನೆ ಎಂದರೇನು ಎಂದು ನನಗೆ ಯಾರೂ ವಿವರಿಸಬೇಕಿರಲಿಲ್ಲ. ನಾನೇ ಅದನ್ನು ಆಕೆಗೆ ತಂದುಕೊಟ್ಟೆನೇನೋ ಎಂಬ ಯೋಚನೆ ಇನ್ನೂ ಪೂರ್ತಿ ಹೋಗಿಲ್ಲ.

ಪರೀಕ್ಷೆಯ ಕಾಲ ಬಂದು ಭಾನುವಾರವೂ ಶಾಲೆ ಇಟ್ಟರು. ನನ್ನ ಪ್ರಯಾಣ ನಿಂತಿತು. ವಿಡಿಯೊ ಕರೆಗಳೂ ಕಡಿಮೆಯಾಗಿ, ಬಾರದಾದವು. ಮೊಬೈಲ್‌ನಲ್ಲಿದ್ದ ಹಳೆಯ ವಿಡಿಯೊಗಳನ್ನು ನೋಡುವುದನ್ನೂ ಬಿಟ್ಟೆ. ಗ್ರಾಮಸಭೆಯಲ್ಲಿ ಕಾಲೋನಿಯ ಹೆಂಗಸರು ಆಕೆಯನ್ನು ಮುಂದಿಟ್ಟುಕೊಂಡು ಮತ್ತೆ ಕೇಳಿದರು, ಎರಡನೇ ತೊಂಬೆ ಮುಂದಿನ ಕ್ರಿಯಾಯೋಜನೆಗೆ ಸೇರಿತು ಎಂದು ಪಿಡಿಒ ಒಮ್ಮೆ ಫೋನ್‌ನಲ್ಲಿ ಹೇಳಿದರು. ಅವತ್ತು ದನಿ ಕೊಟ್ಟವಳು ಹಿರಿಯಾಕೆ. ನನ್ನನ್ನು ಕರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಒಂದು ಮಧ್ಯಾಹ್ನ, ಶಾಲೆಯ ಗೇಟಿನ ಹತ್ತಿರ ಮೈದುನ ನಿಂತಿದ್ದ. ಅದೇ ಬಿಳಿ ಅಂಗಿ. ಜಗಳಕ್ಕೆ ಬಂದಿರಬೇಕು ಎಂದುಕೊಂಡೆ. ಆತ ಆಚೀಚೆ ನೋಡಿ, ದನಿ ತಗ್ಗಿಸಿದ.

"ಮೇಡಂ, ವಸಿ ಕೈಮಾತು ಯೋಳ್ಕೊಡ್ತೀರಾ?"

"ನಿಮಗೇ ಬರುತ್ತಲ್ಲ."

"ಬತ್ತಿತ್ತು. ಈಗ ಅವ್ಳು ಏನೇನೋ ಅಂತಾಳೆ. ಆ ಕಾಲೋನಿ ಎಂಗಸ್ರೆಲ್ಲ ನಮ್ಮಟ್ಟೀಗ ಬತ್ತರೆ, ಜಗಲಿ ಮ್ಯಾಲ ಕುಂತ್ಕಂಡು ಕೈ ಆಡುಸ್ತರೆ, ನಗ್ತರೆ. ನಮ್ಮನೆವ್ರೂ ಕಲ್ತ್ಕಂಡವ್ರೆ. ನಂಗೊಬ್ನಿಗೇ ಗೊತ್ತಾಯ್ಕಿಲ್ಲ." ಗೇಟಿಗೆ ಇನ್ನಷ್ಟು ಹತ್ತಿರ ಬಂದು ಹೇಳಿದ, "ದಿನಾ ಬೆಳಿಗ್ಗೆ ನನ್ನ ನೋಡಿ ಒಂದು ಅಂತಾಳೆ ಮೇಡಂ. ಬಯ್ತಾಳೋ, ಊಟಾಯ್ತಾ ಅಂತಾಳೋ. ಇದು ಏನು, ಅದೊಂದ್ ಯೋಳಿ."

ಆತ ಕೈಚೀಲವನ್ನು ಗೇಟಿಗೆ ಸಿಕ್ಕಿಸಿ, ಎಡ ಅಂಗೈಯನ್ನು ಮೇಲಕ್ಕೆ ಮಾಡಿ ಹಿಡಿದ. ಬಲಗೈಯ ಎರಡು ಬೆರಳನ್ನು ಅದರ ಮೇಲೆ ಇಟ್ಟು, ಮೆಲ್ಲಗೆ ತಿರುಗಿಸಿ, ನನ್ನ ಕಡೆಗೆ ಚಾಚಿದ. ತಪ್ಪಾಗಬಾರದೆಂದು ಇನ್ನೊಮ್ಮೆ ಮಾಡಿದ.

ನಾನು ಅದನ್ನು ಹಿಂದೆಂದೂ ನೋಡಿರಲಿಲ್ಲ. ಪುಸ್ತಕದಲ್ಲಿಲ್ಲ, ನಾನು ಹಿಡಿದ ವಿಡಿಯೊಗಳಲ್ಲೂ ಇಲ್ಲ, ಅಕ್ಕ ಕಲಿಸಿದ್ದೂ ಅಲ್ಲ. ನಾನು ಹೋಗುವುದು ನಿಂತ ಮೇಲೆ ಅವರೇ ಆ ಜಗಲಿಯ ಮೇಲೆ ಕಟ್ಟಿಕೊಂಡದ್ದು.

"ನನಗೂ ಗೊತ್ತಿಲ್ಲ," ಎಂದೆ.

"ನಿಮ್ಗೂ ಗೊತ್ತಿಲ್ವಾ!"

"ಇಲ್ಲ. ಅವರನ್ನೇ ಕೇಳಿ."

ಆತ ತುಸು ಹೊತ್ತು ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟ. ದಾರಿಯಲ್ಲಿ ಜನ ನೋಡುತ್ತಿದ್ದರೂ ಲೆಕ್ಕಿಸದೆ ಮತ್ತೆ ಮತ್ತೆ ಅದನ್ನೇ ಮಾಡಿಕೊಳ್ಳುತ್ತಿದ್ದ, ಮನೆ ತಲುಪುವಷ್ಟರಲ್ಲಿ ಮರೆತು ಹೋಗದಿರಲೆಂದು.